ನಟನೆಯ ತಕ್ಕಡಿ

ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದ ಮಾರನೆಯ ದಿನ ನಮ್ಮಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ‘ಸಲ್ಲಬೇಕಾದವರಿಗೇ ಸಂದಿತು’ ಎಂಬುದು ಒಂದು. ‘ಇದರಲ್ಲೇನೋ ವಶೀಲಿ ನಡೆದಿದೆ’ ಎಂಬುದು ಇನ್ನೊಂದು. ಎರಡನ್ನೂ ಆಡುವವರು ಸಾಮಾನ್ಯವಾಗಿ ಸ್ಪರ್ಧೆಯಲ್ಲಿದ್ದ ಚಿತ್ರಗಳನ್ನೆಲ್ಲ ನೋಡಿದವರಲ್ಲ. ಆದರೂ ಆ ಮಾತುಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನ್ಯಾಯ ನಡೆಯಬೇಕು, ನಡೆದದ್ದು ಕಣ್ಣಿಗೂ ಕಾಣಬೇಕು ಎಂಬ ಅಪೇಕ್ಷೆ ಅವುಗಳ ಹಿಂದೆ ಇದೆ. ನಟನೆಯನ್ನು ತೂಗುವ ತಕ್ಕಡಿಯೊಂದು ಇದೆಯೆ? ಇದ್ದರೆ ಅದು ನೆಟ್ಟಗಿದೆಯೆ? ಈ ಪ್ರಶ್ನೆಗಳನ್ನು ಭಾರತ ಸರ್ಕಾರ ಕೊಡುವ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಅಧ್ಯಾಪಕ ವೃತ್ತಿಯಲ್ಲಿದ್ದವರಿಗೆ ತೂಗುವ ಕೆಲಸ ಹೊಸದಲ್ಲ. ವಿಶ್ವವಿದ್ಯಾನಿಲಯದ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮರೆಮಾಡಿ ಒಂದು ಸಂಖ್ಯೆಯನ್ನು ಬರೆಯುತ್ತಾರೆ. ಬರೆದವನು ಸಾಹುಕಾರನ ಮಗನೋ ಬಡವನ ಮಗನೋ ಪರೀಕ್ಷಕನಿಗೆ ತಿಳಿಯಕೂಡದು. ಇಬ್ಬರು ಪರೀಕ್ಷಕರು ಕೊಟ್ಟ ಅಂಕಗಳಲ್ಲಿ ಹೆಚ್ಚಿನ ಅಂತರ ಬಂದರೆ ಮೂರನೆಯವನ ಕೈಗೆ ಪತ್ರಿಕೆ ಹೋಗುತ್ತದೆ. ನ್ಯಾಯವನ್ನು ಕಾಪಾಡಲು ಮನುಷ್ಯಬುದ್ಧಿ ಕಂಡುಕೊಂಡ ಉಪಾಯಗಳು ಇವು. ನಟನೆಯ ವಿಷಯದಲ್ಲಿ ಮೊದಲನೆಯ ಉಪಾಯವೇ ಕೈಕೊಡುತ್ತದೆ. ನಟನ ಉತ್ತರಪತ್ರಿಕೆ ಅವನ ಮುಖವೇ. ಮುಖವನ್ನು ಮರೆಮಾಡಿ ಮುಖಾಭಿನಯವನ್ನು ತೂಗುವುದು ಸಾಧ್ಯವಿಲ್ಲ. ತೆರೆಯ ಮೇಲೆ ಕಾಣುವಾತ ನೂರು ಚಿತ್ರಗಳ ಕೀರ್ತಿಯನ್ನು ಹೊತ್ತವನೋ ಇದೇ ಮೊದಲ ಸಲ ಬಣ್ಣ ಹಚ್ಚಿದವನೋ ಎಂಬುದು ತೀರ್ಪುಗಾರನಿಗೆ ಮೊದಲೇ ಗೊತ್ತಿರುತ್ತದೆ. ಆ ಅರಿವು ಅವನ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ತೀರ್ಪುಗಾರನಂತೆ ಕುಳಿತಿರುತ್ತದೆ.

ನಮ್ಮ ಪ್ರಾಚೀನರು ಈ ಕಷ್ಟವನ್ನು ಅರಿಯದವರಲ್ಲ. ಭರತನ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯ ಪ್ರಯೋಗದ ಸಿದ್ಧಿಯನ್ನು ಕುರಿತದ್ದು. ಅಲ್ಲಿ ‘ಪ್ರಾಶ್ನಿಕರು’ ಎಂಬ ತೀರ್ಪುಗಾರರ ಮಾತು ಬರುತ್ತದೆ. ಅವರು ಒಂದೇ ಬಗೆಯ ಪಂಡಿತರಲ್ಲ. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ಬಿಲ್ಲುಗಾರ, ಚಿತ್ರಕಾರ, ಗಣಿಕೆ, ಗಾಯಕ, ರಾಜಸೇವಕ, ಕೊನೆಗೆ ರಾಜ. ಬಿಲ್ಲು ಹಿಡಿದ ನಿಲುವು ಸರಿಯಾಗಿತ್ತೆ ಎಂಬುದನ್ನು ಬಿಲ್ಲುಗಾರ ಹೇಳಬೇಕು. ವೇಷಭೂಷಣವನ್ನು ಚಿತ್ರಕಾರ ನೋಡಬೇಕು. ಉಚ್ಚಾರಣೆಯನ್ನು ಶಬ್ದಜ್ಞ ಕೇಳಬೇಕು. ಪ್ರಣಯೋಪಚಾರದ ಒಳಹೊರಗನ್ನು ಗಣಿಕೆ ಗುರುತಿಸಬೇಕು. ಕಿರೀಟ ಜಾರಿ ಬಿದ್ದದ್ದು, ಮಾತು ಮರೆತದ್ದು ಮುಂತಾದ ದೋಷಗಳನ್ನೂ ಗುಣಗಳನ್ನೂ ಲೆಕ್ಕವಿಟ್ಟು ಬರೆದುಕೊಳ್ಳಬೇಕು. ಇಷ್ಟಾದ ಮೇಲೆ ವಿಜಯದ ಪತಾಕೆ. ಯಾವುದನ್ನು ಯಾರು ಬಲ್ಲರೋ ಅದನ್ನು ಅವರೇ ತೂಗಬೇಕು, ತೂಗಿದ್ದು ಬರಹದಲ್ಲಿ ನಿಲ್ಲಬೇಕು ಎಂಬ ಈ ಎರಡು ತತ್ತ್ವಗಳನ್ನು ನಾವು ನೆನಪಿನಲ್ಲಿಡೋಣ.

ಸ್ವತಂತ್ರ ಭಾರತದ ಚಿತ್ರಪ್ರಶಸ್ತಿಗಳು 1954ರಲ್ಲಿ ಆರಂಭವಾದವು. ಆಗ ಬಹುಮಾನ ಚಿತ್ರಕ್ಕೇ ಹೊರತು ನಟನಿಗಲ್ಲ. ನಟನಟಿಯರಿಗೆ ಪ್ರತ್ಯೇಕ ಪ್ರಶಸ್ತಿ ಬಂದದ್ದು 1967ರ ಸಾಲಿನ ಚಿತ್ರಗಳಿಂದ. ಬಂಗಾಳದ ಉತ್ತಮ್ ಕುಮಾರ್ ಮತ್ತು ಹಿಂದಿಯ ನರ್ಗಿಸ್ ಮೊದಲಿಗರು. ಆ ವರ್ಷಗಳಲ್ಲಿ ನಟನ ಪ್ರಶಸ್ತಿಗೆ ಭರತನ ಹೆಸರನ್ನೂ ನಟಿಯ ಪ್ರಶಸ್ತಿಗೆ ಊರ್ವಶಿಯ ಹೆಸರನ್ನೂ ಇಟ್ಟಿದ್ದರು. ಹೆಸರೇನೋ ಭರತನದು, ಅವನ ವಿಧಾನ ಬಂದಿತೆ ಎಂಬುದು ಬೇರೆ ಪ್ರಶ್ನೆ.

ಮೊದಲು ವಸ್ತುವಿನ ಕಡೆಗೆ ತಿರುಗೋಣ. ರಂಗಭೂಮಿಯಲ್ಲಿ ನಟ ಒಮ್ಮೆ ಅಂಕಕ್ಕೆ ಬಂದನೆಂದರೆ ಅವನಿಗೆ ಅವನೇ ಆಸರೆ. ಚಿತ್ರದಲ್ಲಿ ಹಾಗಲ್ಲ. ಬೆಳಕನ್ನು ಒಬ್ಬರು ಚೆಲ್ಲುತ್ತಾರೆ, ಕೋನವನ್ನು ಇನ್ನೊಬ್ಬರು ಆರಿಸುತ್ತಾರೆ, ನೂರು ತುಣುಕುಗಳನ್ನು ಸಂಕಲನಕಾರ ಹೆಣೆಯುತ್ತಾನೆ. ಎಷ್ಟೋ ವೇಳೆ ಕಂಠವೂ ಬೇರೆಯವರದು. ರಷ್ಯದ ಲೆವ್ ಕುಲೆಶೋವ್ ಒಂದು ಶತಮಾನದ ಹಿಂದೆ ಮಾಡಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ನಟನೊಬ್ಬನ ನಿರ್ವಿಕಾರವಾದ ಮುಖದ ಒಂದೇ ತುಣುಕನ್ನು ಅವನು ಬೇರೆಬೇರೆ ದೃಶ್ಯಗಳ ಪಕ್ಕದಲ್ಲಿ ಜೋಡಿಸಿದ. ಸೂಪಿನ ಬಟ್ಟಲಿನ ಪಕ್ಕದಲ್ಲಿ ಆ ಮುಖ ಹಸಿದಂತೆ ಕಂಡಿತು. ಶವಪೆಟ್ಟಿಗೆಯ ಪಕ್ಕದಲ್ಲಿ ಶೋಕಿಸಿದಂತೆ ಕಂಡಿತು. ನೋಡಿದವರು ನಟನ ಸೂಕ್ಷ್ಮಾಭಿನಯವನ್ನು ಕೊಂಡಾಡಿದರೆಂದು ಪುಡೋವ್ಕಿನ್ ಬರೆದಿದ್ದಾನೆ. ಮುಖ ಬದಲಾಗಿರಲೇ ಇಲ್ಲ! ತೆರೆಯ ಮೇಲೆ ನಾವು ಕಂಡ ಭಾವದಲ್ಲಿ ನಟನ ಪಾಲೆಷ್ಟು, ಕತ್ತರಿಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲು ವಿಶೇಷವಾದ ಕಣ್ಣು ಬೇಕು. ಆ ಕಣ್ಣು ಇಲ್ಲದಾಗ ತೀರ್ಪುಗಾರರು ಸುಲಭವಾಗಿ ಕಾಣುವುದನ್ನು ಆಶ್ರಯಿಸುತ್ತಾರೆ. ಸುಲಭವಾಗಿ ಕಾಣುವುದು ಪಾತ್ರ.

ಈ ಮಾತಿಗೆ ಕನ್ನಡದ ನಿದರ್ಶನವನ್ನೇ ನೋಡಬಹುದು. ಮುಖ್ಯ ಪಾತ್ರದ ನಟನೆಗಾಗಿ ಕನ್ನಡ ಚಿತ್ರಗಳಿಂದ ಈ ರಾಷ್ಟ್ರಪ್ರಶಸ್ತಿಯನ್ನು ಪಡೆದವರು ಇದುವರೆಗೆ ಏಳು ಮಂದಿ. 1973ರ ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 1975ರ ‘ಚೋಮನ ದುಡಿ’ಗೆ ಎಂ. ವಿ. ವಾಸುದೇವರಾವ್, 1986ರ ‘ತಬರನ ಕಥೆ’ಗೆ ಚಾರುಹಾಸನ್, 2004ರ ‘ಹಸೀನಾ’ಕ್ಕೆ ತಾರಾ, 2007ರ ಸಾಲಿನಲ್ಲಿ ‘ಗುಲಾಬಿ ಟಾಕೀಸ್’ಗೆ ಉಮಾಶ್ರೀ, 2014ರ ಸಾಲಿನಲ್ಲಿ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಸಂಚಾರಿ ವಿಜಯ್, 2022ರ ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ. ಈ ಪಟ್ಟಿಯನ್ನು ಸಾಹಿತ್ಯದ ವಿದ್ಯಾರ್ಥಿ ಓದಿದಾಗ ಒಂದು ಸಂಗತಿ ಥಟ್ಟನೆ ಹೊಳೆಯುತ್ತದೆ. ಏಳರಲ್ಲಿ ಆರು ಪಾತ್ರಗಳು ತೆರೆಗೆ ಬರುವ ಮುನ್ನ ಪುಸ್ತಕದಲ್ಲಿದ್ದವು. ಕಮಲಿ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯವಳು; ಚೋಮ ಶಿವರಾಮ ಕಾರಂತರವನು; ತಬರ ಪೂರ್ಣಚಂದ್ರ ತೇಜಸ್ವಿಯವರವನು. ಹಸೀನಾಳ ಮೂಲ ಬಾನು ಮುಷ್ತಾಕರ ಕತೆ; ಗುಲಾಬಿಯ ಮೂಲ ವೈದೇಹಿಯವರ ಕತೆ; ‘ನಾನು ಅವನಲ್ಲ ಅವಳು’ ಚಿತ್ರದ ಮೂಲ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ.

ಇನ್ನೊಂದು ಸಂಗತಿಯೂ ಇದೆ. ಈ ಪಾತ್ರಗಳಲ್ಲಿ ಹೆಚ್ಚಿನವು ನೊಂದ ಜೀವಗಳು. ಉಳುವ ಭೂಮಿಗಾಗಿ ಹಂಬಲಿಸಿ ದುಡಿಯನ್ನು ಬಡಿಯುವ ಚೋಮ, ಪಿಂಚಣಿಯ ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ, ಗಂಡ ತೊರೆದ ಹಸೀನಾ. ಹೀಗಿರುವಾಗ ಪ್ರಶಸ್ತಿ ಸಂದದ್ದು ನಟನೆಗೋ, ಪಾತ್ರದ ದುಃಖಕ್ಕೋ, ಆ ದುಃಖವನ್ನು ಮೊದಲು ಕಂಡ ಲೇಖಕನಿಗೋ ಎಂದು ಕೇಳುವುದು ಕುಚೋದ್ಯವಲ್ಲ. ಈ ಕಲಾವಿದರ ಯೋಗ್ಯತೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಚೋಮನ ಬಾಯಲ್ಲಿ ಮಾತು ಕಡಿಮೆ. ಅವನ ಸಿಟ್ಟೂ ಸೋಲೂ ಚರ್ಮವಾದ್ಯದ ಮೇಲೆ ಬೀಳುವ ಬೆರಳುಗಳಲ್ಲಿವೆ. ವಾಸುದೇವರಾಯರು ಆ ಬೆರಳುಗಳಿಗೆ, ಬಾಗಿದ ಬೆನ್ನಿಗೆ ತಂದುಕೊಟ್ಟ ಜೀವ ಕಾರಂತರ ಪುಟದಿಂದ ತಾನಾಗಿ ಇಳಿದುಬಂದದ್ದಲ್ಲ. ಅದು ನಟನೆಯೇ. ಆದರೆ ದೊಡ್ಡ ಪಾತ್ರವೊಂದು ದೊಡ್ಡ ನಟನೆಯಂತೆ ಕಾಣುವ ಅಪಾಯ ಯಾವಾಗಲೂ ಇದೆ. ಅದರ ಮಗ್ಗುಲಲ್ಲೇ ಸಣ್ಣ ಪಾತ್ರದಲ್ಲಿ ತೋರಿದ ದೊಡ್ಡ ನಟನೆ ಕಾಣದೆ ಹೋಗುವ ಅಪಾಯವೂ ಇದೆ.

ನಗಿಸುವವರ ಗತಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನರಸಿಂಹರಾಜು ಅವರ ಕಾಲಜ್ಞಾನವನ್ನು, ಅಂದರೆ ಮಾತನ್ನು ಅರೆಕ್ಷಣ ತಡೆದು ಬಿಡುವ ಆ ಹದವನ್ನು, ಕನ್ನಡಿಗರು ಮರೆತಿಲ್ಲ. ಅವರು 1979ರಲ್ಲಿ ತೀರಿಕೊಂಡರು. ಪೋಷಕ ನಟನೆಗೆ ರಾಷ್ಟ್ರಪ್ರಶಸ್ತಿ ಏರ್ಪಟ್ಟದ್ದು 1984ರ ಸಾಲಿನಲ್ಲಿ. ಅವರಿಗೆ ಅನ್ಯಾಯ ಮಾಡಿದ ತೀರ್ಪುಗಾರ ಯಾರೂ ಇಲ್ಲ; ಅವರನ್ನು ಕೂರಿಸಲು ಅಲ್ಲಿ ಮಣೆಯೇ ಇರಲಿಲ್ಲ. ವಿಭಾಗಗಳನ್ನು ಗೊತ್ತುಮಾಡುವಾಗಲೇ ಅರ್ಧ ತೀರ್ಪು ಆಗಿಹೋಗಿರುತ್ತದೆ. 2025ರ ಆಗಸ್ಟ್‌ನಲ್ಲಿ 2023ರ ಸಾಲಿನ ಪ್ರಶಸ್ತಿಗಳು ಪ್ರಕಟವಾದಾಗ ಮಲಯಾಳದ ಹಿರಿಯ ನಟಿ ಊರ್ವಶಿ ಅವರಿಗೆ ‘ಉಳ್ಳೊಳುಕ್ಕ್’ ಚಿತ್ರಕ್ಕಾಗಿ ಪೋಷಕ ನಟಿ ಪ್ರಶಸ್ತಿ ಬಂದಿತು. ಒಂದು ಪಾತ್ರವನ್ನು ಮುಖ್ಯವೆಂದೋ ಪೋಷಕವೆಂದೋ ವಿಂಗಡಿಸುವ ಮಾನದಂಡ ಯಾವುದು ಎಂದು ಅವರು ಬಹಿರಂಗವಾಗಿಯೇ ಪ್ರಶ್ನಿಸಿದರು. ಬಹುಮಾನ ಪಡೆದವರೇ ಕೇಳಿದ ಪ್ರಶ್ನೆಯಾದ್ದರಿಂದ ಅದನ್ನು ಹೊಟ್ಟೆಕಿಚ್ಚೆಂದು ಬದಿಗಿಡಲಾಗದು.

ಈಗ ನಮಗೆ ಹತ್ತಿರವಾದ, ಸ್ವಲ್ಪ ನೋವಿನದೂ ಆದ ವಿಷಯಕ್ಕೆ ಬರೋಣ. ಕನ್ನಡಿಗರನ್ನು ನಿಲ್ಲಿಸಿ ನಿಮ್ಮ ನಾಡಿನ ಶ್ರೇಷ್ಠ ಚಿತ್ರನಟ ಯಾರೆಂದರೆ ಬರುವ ಉತ್ತರ ರಾಜಕುಮಾರ್ ಅವರ ಹೆಸರು. ಅವರಿಗೆ ರಾಷ್ಟ್ರಮಟ್ಟದ ಶ್ರೇಷ್ಠ ನಟ ಪ್ರಶಸ್ತಿ ಬರಲೇ ಇಲ್ಲ. 1992ರ ‘ಜೀವನಚೈತ್ರ’ದ ಹಾಡುಗಾರಿಕೆಗಾಗಿ ಶ್ರೇಷ್ಠ ಗಾಯಕ ಪ್ರಶಸ್ತಿ ಬಂದಿತು! ಜೀವಮಾನದ ಸಾಧನೆಗೆ ಸಲ್ಲುವ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ 1995ರ ಸಾಲಿಗೆ ಅವರದಾಯಿತು. ಅದರ ಹಿಂದಿನ ವರ್ಷ ಆ ಗೌರವ ದಿಲೀಪ್ ಕುಮಾರ್ ಅವರಿಗೆ, ಮುಂದಿನ ವರ್ಷ ಶಿವಾಜಿ ಗಣೇಶನ್ ಅವರಿಗೆ ಸಂದಿತು. ಒಂದರ ಹಿಂದೊಂದು ಮೂರು ವರ್ಷ ಜೀವಮಾನದ ಗೌರವ ಪಡೆದ ಈ ಮೂವರಲ್ಲಿ ಒಬ್ಬರಿಗೂ ಯಾವ ವರ್ಷದಲ್ಲೂ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ಬಂದಿರಲಿಲ್ಲ.

ಇದಕ್ಕೆ ಒಂದು ಸಮಾಧಾನವಿದೆ. ಅದನ್ನೂ ಹೇಳುವುದು ಧರ್ಮ. ಪ್ರಶಸ್ತಿ ಆರಂಭವಾದದ್ದೇ 1967ರ ಸಾಲಿನಲ್ಲಿ. 1960ರ ‘ಮುಘಲ್-ಎ-ಆಜಮ್’ ಅಷ್ಟು ಹೊತ್ತಿಗೆ ಹಳೆಯ ಮಾತಾಗಿತ್ತು. ಮುಂದೆ ಬಂದ ತೀರ್ಪುಗಾರರ ಒಲವು ಹೊಸ ಅಲೆಯ ವಾಸ್ತವವಾದಿ ಚಿತ್ರಗಳ ಕಡೆಗಿತ್ತು. ಜನಪ್ರಿಯ ಚಿತ್ರದ ತುಂಬುಕಂಠದ ನಟನೆ ಅವರಿಗೆ ಅತಿಯೆಂದು ತೋರಿದ್ದಿರಬಹುದು. ಆದರೆ ರಾಜಕುಮಾರರ ವಿಷಯದಲ್ಲಿ ಇಷ್ಟೇ ಕಾರಣ ಸಾಲದು. ಭರತ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದ. ಗುಬ್ಬಿ ವೀರಣ್ಣನವರ ಕಂಪನಿಯ ಗರಡಿಯಿಂದ ಬಂದ ರಾಜಕುಮಾರರ ಬಲವಿದ್ದದ್ದು ವಾಚಿಕದಲ್ಲಿ. 1977ರ ‘ಬಭ್ರುವಾಹನ’ದಲ್ಲಿ ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ತಾವೇ ಎದುರುಬದುರು ನಿಂತು ಆಡುವ ಮಾತಿನಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಒಂದೊಂದೂ ತನ್ನ ಸ್ಥಾನದಲ್ಲಿ ನಿಲ್ಲುತ್ತವೆ, ಒಂದೇ ಕಂಠದಲ್ಲಿ ತಂದೆಯ ಗರ್ವವೂ ಮಗನ ನೊಂದ ಅಭಿಮಾನವೂ ಬೇರೆಬೇರೆಯಾಗಿ ಕೇಳುತ್ತವೆ. ಕನ್ನಡ ಬಲ್ಲ ಕಿವಿಗೆ ಅದು ಔತಣ. ಕನ್ನಡ ಅರಿಯದ ತೀರ್ಪುಗಾರನ ಪಾಲಿಗೆ ತೆರೆಯ ಅಡಿಯಲ್ಲಿ ಸರಿದುಹೋಗುವ ಎರಡು ಸಾಲು ಇಂಗ್ಲಿಷ್ ಬರಹ. ಅವನು ಅರ್ಥವನ್ನು ಓದಬಲ್ಲ, ನುಡಿಯನ್ನು ಕೇಳಲಾರ. ಅವನಲ್ಲಿ ದುರುದ್ದೇಶವಿಲ್ಲ, ಕಿವಿಯಿಲ್ಲ.

ಭರತನ ಪ್ರಾಶ್ನಿಕರಲ್ಲಿ ಶಬ್ದಜ್ಞನಿಗೆ ಒಂದು ಸ್ಥಾನವಿದ್ದದ್ದು ಇದಕ್ಕಾಗಿಯೇ. ಹತ್ತಿಪ್ಪತ್ತು ಭಾಷೆಗಳ ಚಿತ್ರಗಳನ್ನು 10-11 ಮಂದಿ ಕುಳಿತು ತೂಗುವ ಮಂಡಳಿಯಲ್ಲಿ ಪ್ರತಿಯೊಂದು ಭಾಷೆಗೂ ಒಬ್ಬ ಶಬ್ದಜ್ಞನನ್ನು ಒದಗಿಸುವುದು ಸುಲಭವಲ್ಲವೆಂಬುದು ನಿಜ. 2009ರ ಸಾಲಿನಿಂದ ಎರಡು ಹಂತದ ವ್ಯವಸ್ಥೆ ಬಂದಿದೆ. ಮೊದಲು ಪ್ರಾದೇಶಿಕ ಮಂಡಳಿಗಳು ನೋಡುತ್ತವೆ. ಅವು ಆರಿಸಿ ಕಳುಹಿಸಿದ್ದನ್ನು ಕೇಂದ್ರ ಮಂಡಳಿ ನೋಡುತ್ತದೆ. ಕನ್ನಡ ತೆಲುಗುಗಳು ಒಂದು ಮಂಡಳಿಗೆ ಸೇರುತ್ತವೆ, ತಮಿಳು ಮಲಯಾಳಗಳು ಇನ್ನೊಂದಕ್ಕೆ. ಇದರಿಂದ ಭಾಷೆ ಬಲ್ಲವರ ಮಾತಿಗೆ ಒಂದು ಬಾಗಿಲು ತೆರೆದಿದೆ. ಆದರೂ ಕೊನೆಯ ತೂಕ ನಡೆಯುವ ಕೋಣೆಯಲ್ಲಿ ಕನ್ನಡ ಕಿವಿಗಳು ಎಷ್ಟಿರುತ್ತವೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಜನರು ಸಾಮಾನ್ಯವಾಗಿ ಮೊದಲು ಎತ್ತುವ ಆಕ್ಷೇಪಣೆಯನ್ನು ನಾನು ಬೇಕೆಂದೇ ಹಿಂದಕ್ಕಿಟ್ಟಿದ್ದೇನೆ. ಅದು ಸ್ನೇಹದಾಕ್ಷಿಣ್ಯದ ವಿಷಯ. 2016ರ ಸಾಲಿನ ಶ್ರೇಷ್ಠ ನಟ ಪ್ರಶಸ್ತಿ ‘ರುಸ್ತಂ’ ಚಿತ್ರಕ್ಕಾಗಿ ಅಕ್ಷಯ್ ಕುಮಾರ್ ಅವರಿಗೆ ಸಂದಾಗ, ಅವರನ್ನು ‘ಹೇರಾ ಫೇರಿ’ ಮೊದಲಾದ ಹಲವು ಚಿತ್ರಗಳಲ್ಲಿ ನಿರ್ದೇಶಿಸಿದ ಪ್ರಿಯದರ್ಶನ್ ಅವರೇ ಮಂಡಳಿಯ ಅಧ್ಯಕ್ಷರಾಗಿದ್ದರು. ಟೀಕೆ ಬಂದಿತು. ಹಿಂದಿನ ವರ್ಷಗಳಲ್ಲೂ ಅಧ್ಯಕ್ಷರೊಡನೆ ಕೆಲಸ ಮಾಡಿದ ನಟರಿಗೆ ಪ್ರಶಸ್ತಿ ಬಂದದ್ದುಂಟು, ಆಗ ಏಕೆ ಕೇಳಲಿಲ್ಲ ಎಂಬುದು ಅವರ ಉತ್ತರವಾಗಿತ್ತು. ಇಲ್ಲಿ ಯಾರ ಪ್ರಾಮಾಣಿಕತೆಯನ್ನೂ ಶಂಕಿಸಬೇಕಾಗಿಲ್ಲ. ಚಿತ್ರರಂಗವನ್ನು ಬಲ್ಲವರು ತೀರ್ಪುಗಾರರಾಗಬೇಕು ಎನ್ನುವುದಾದರೆ, ಬಲ್ಲವರು ಪರಸ್ಪರ ಬಲ್ಲವರೂ ಆಗಿರುತ್ತಾರೆ. ಪರಿಚಯವೇ ಇಲ್ಲದ ಪರಿಣತನನ್ನು ಹುಡುಕುವುದು ಕಷ್ಟ. ಆದ್ದರಿಂದ ಪರಿಹಾರವಿರುವುದು ಪರಿಚಯವನ್ನು ನಿಷೇಧಿಸುವುದರಲ್ಲಿ ಅಲ್ಲ; ಪರಿಚಯವಿದ್ದಾಗ ಅದನ್ನು ತೆರೆದು ಹೇಳಿ, ಆ ಮಟ್ಟಿಗೆ ಮತ ಹಾಕದೆ ದೂರ ಸರಿಯುವುದರಲ್ಲಿ.

ಕೆಲವೇ ಮಂದಿಯ ಮಂಡಳಿಯಿಂದ ಇಷ್ಟು ತೊಡಕಾಗುವುದಾದರೆ ಸಾವಿರಾರು ಜನರ ಮತಕ್ಕೇ ಏಕೆ ಬಿಡಬಾರದು ಎಂದು ಕೇಳುವವರುಂಟು. ಅಮೆರಿಕದ ಆಸ್ಕರ್ ಪ್ರಶಸ್ತಿಯ ದಾರಿ ಅದು; 1929ರಿಂದ ನಡೆದುಬಂದಿದೆ. ಅಲ್ಲಿ 1932ರಲ್ಲಿ ಫ್ರೆಡ್ರಿಕ್ ಮಾರ್ಚ್ ಎಂಬ ನಟನಿಗೆ ವ್ಯಾಲೇಸ್ ಬೀರಿಗಿಂತ ಒಂದೇ ಮತ ಹೆಚ್ಚು ಬಂದಿತು. ಅಂದಿನ ನಿಯಮದಂತೆ ಅದನ್ನು ಸಮವೆಂದು ಬಗೆದು ಇಬ್ಬರಿಗೂ ಕೊಟ್ಟರು. ಒಂದು ಮತದ ಅಂತರದಿಂದ ಒಬ್ಬ ನಟ ಇನ್ನೊಬ್ಬನಿಗಿಂತ ಮೇಲೆಂದು ಹೇಳಲಾಗದೆಂಬ ವಿನಯ ಆ ನಿಯಮದಲ್ಲಿತ್ತು. ಆದರೆ ಬಹುಮತದ ದಾರಿಗೂ ತನ್ನದೇ ರೋಗಗಳಿವೆ. ಪ್ರಚಾರಕ್ಕೆ ಹಣ ಸುರಿಯುವವರ ಚಿತ್ರ ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ. ಒಂದು ವಿಭಾಗದಲ್ಲಿ ಕೊನೆಯ ಸುತ್ತಿನ ಮತ ಹಾಕಬೇಕಾದರೆ ಅಲ್ಲಿ ನಾಮಕರಣಗೊಂಡ ಚಿತ್ರಗಳನ್ನೆಲ್ಲ ನೋಡಿರಲೇಬೇಕೆಂಬ ಕಟ್ಟಳೆಯನ್ನು ಎಲ್ಲ ವಿಭಾಗಗಳಿಗೂ ವಿಧಿಸಿದ್ದು 2025ರಲ್ಲಿ! ನೋಡದೆ ತೀರ್ಪು ಕೊಡಕೂಡದು ಎಂಬ ಸರಳ ಸತ್ಯ ಅಲ್ಲಿ ನಿಯಮವಾಗಲು ಶತಮಾನವೇ ಹಿಡಿಯಿತು. ಜಾರ್ಜ್ ಸಿ. ಸ್ಕಾಟ್ 1971ರಲ್ಲಿ ತಮಗೆ ಬಂದ ಆಸ್ಕರನ್ನು ನಿರಾಕರಿಸಿದ್ದು ನಟರನ್ನು ನಟರೊಡನೆ ಪೈಪೋಟಿಗೆ ನಿಲ್ಲಿಸುವುದೇ ತಪ್ಪೆಂಬ ಕಾರಣದಿಂದ.

ಹಾಗಾದರೆ ಪ್ರಶಸ್ತಿಗಳೇ ಬೇಡವೆ? ನಾನು ಅಷ್ಟು ದೂರ ಹೋಗಲಾರೆ. ವಾಸುದೇವರಾಯರಂಥ ಪೋಷಕ ವರ್ಗದ ಹಿರಿಯ ನಟರೊಬ್ಬರ ಹೆಸರು, ಹವ್ಯಾಸಿ ರಂಗಭೂಮಿಯಿಂದ ಬಂದ ಸಂಚಾರಿ ವಿಜಯ್ ಅವರ ಹೆಸರು ದೇಶಕ್ಕೆಲ್ಲ ಕೇಳಿಸಿದ್ದು ಈ ಪ್ರಶಸ್ತಿಯಿಂದಲೇ. ವಿಜಯ್ 2021ರಲ್ಲಿ ಅಕಾಲಮರಣಕ್ಕೆ ತುತ್ತಾದರು. ಅವರ ಬದುಕಿನಲ್ಲಿ ಆ ಮನ್ನಣೆ ಸಕಾಲಕ್ಕೆ ಬಂದದ್ದು ನಮ್ಮ ಭಾಗ್ಯವೆಂದೇ ಹೇಳಬೇಕು. ಗಲ್ಲಾಪೆಟ್ಟಿಗೆ ಕಾಣದ ಗುಣವನ್ನು ಕಾಣುವ ಕಣ್ಣೊಂದು ಸಮಾಜದಲ್ಲಿ ಇರಬೇಕು. ನಾವು ಕೇಳಬೇಕಾದದ್ದು ಆ ಕಣ್ಣು ಎಂದೂ ತಪ್ಪದಿರಲಿ ಎಂದಲ್ಲ. ತಾನು ಏನನ್ನು ಕಂಡೆನೆಂದು ಹೇಳಲಿ ಎಂದು.

ಇಂದು ಪ್ರಶಸ್ತಿಯೊಡನೆ ಹೊರಬರುವುದು ಒಂದೆರಡು ಸಾಲಿನ ಪ್ರಶಂಸೆ. ‘ಪಾತ್ರಕ್ಕೆ ಜೀವ ತುಂಬಿದ್ದಾರೆ’ ಎಂಬ ಧಾಟಿಯ ಆ ಮಾತನ್ನು ಯಾರ ಹೆಸರಿನ ಮುಂದೆ ಇಟ್ಟರೂ ಹೊಂದುತ್ತದೆ. ನ್ಯಾಯಾಲಯ ಕೂಡ ಕಾರಣ ಬರೆಯದೆ ತೀರ್ಪು ಕೊಡುವುದಿಲ್ಲ. ಕೊನೆಯ ಸುತ್ತಿಗೆ ಬಂದ ನಟರು ಯಾರು, ಆರಿಸಿದವರಲ್ಲಿ ಯಾವ ದೃಶ್ಯದ ಯಾವ ಗುಣ ಮೆಚ್ಚುಗೆಯಾಯಿತು, ಆ ಭಾಷೆಯನ್ನು ಬಲ್ಲವರು ಉಚ್ಚಾರಣೆಯ ಬಗ್ಗೆ ಏನೆಂದರು ಎಂಬುದನ್ನು ಒಂದು ಪುಟದಲ್ಲಿ ಬರೆದು ಪ್ರಕಟಿಸಿದರೆ ಸಾಕು. ಒಪ್ಪದವರು ಒಪ್ಪದಿರಲಿ. ಕಾರಣ ತಿಳಿದ ಮೇಲೆ ನಡೆಯುವುದು ವಿಮರ್ಶೆ. ತಿಳಿಯದೆ ನಡೆಯುವುದು ಗುಮಾನಿ.

ಇಲ್ಲಿ ನಮ್ಮ ಹೊಣೆಯೂ ಒಂದಿದೆ. ಕನ್ನಡದಲ್ಲಿ ಕಾವ್ಯವನ್ನು ಕುರಿತು ಬರೆಯಲು ನಮಗೆ ಸಾವಿರ ವರ್ಷದ ಪರಿಭಾಷೆಯಿದೆ. ಯಕ್ಷಗಾನದ ವೇಷಧಾರಿಯನ್ನು ಕುರಿತು ಕರಾವಳಿಯ ರಸಿಕರು ರಾತ್ರಿಯೆಲ್ಲ ಚರ್ಚಿಸಬಲ್ಲರು. ಯಾರ ಅರ್ಥಗಾರಿಕೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಬಿಡಿಸಿ ಹೇಳಬಲ್ಲರು. ಚಿತ್ರನಟನೆಯ ಮಾತು ಬಂದಾಗ ಮಾತ್ರ ನಮ್ಮ ಬರವಣಿಗೆ ಕತೆಯ ಸಾರಾಂಶವನ್ನು ಹೇಳಿ ಮುಗಿಸುತ್ತದೆ. ಕೊನೆಗೆ ‘ಇಂಥವರ ಅಭಿನಯ ಚೆನ್ನಾಗಿದೆ’ ಎಂಬ ಒಂದು ವಾಕ್ಯ. ಉಮಾಶ್ರೀಯವರ ಗುಲಾಬಿ ತೆರೆಯನ್ನು ನೋಡುತ್ತ ಕುಳಿತಾಗ ಅವಳ ಮುಖದಲ್ಲಿ ಏನೇನು ನಡೆಯಿತೆಂದು ಹತ್ತು ವಾಕ್ಯ ಬರೆದವರು ನಮ್ಮಲ್ಲಿ ಎಷ್ಟು ಮಂದಿ? ನಟನೆಯನ್ನು ನೋಡಿ ನುಡಿಯುವ ಭಾಷೆಯನ್ನು ನಾವೇ ಬೆಳೆಸದಿದ್ದರೆ ದೆಹಲಿಯ ಮಂಡಳಿಗೆ ಅದು ಎಲ್ಲಿಂದ ಬರಬೇಕು? ತೀರ್ಪುಗಾರ ಆಕಾಶದಿಂದ ಇಳಿಯುವವನಲ್ಲ. ಅವನು ಪ್ರೇಕ್ಷಕರ ನಡುವಿನಿಂದಲೇ ಎದ್ದುಬಂದವನು.

ಪ್ರಯೋಗಕ್ಕೆ ಮಾನುಷೀ ಸಿದ್ಧಿ, ದೈವೀ ಸಿದ್ಧಿ ಎಂದು ಎರಡನ್ನು ಭರತ ಹೇಳುತ್ತಾನೆ. ನಗು, ಚಪ್ಪಾಳೆ, ‘ಭಲೇ’ ಎಂಬ ಉದ್ಗಾರ, ಮೈಮರೆತು ಉಡುಗೊರೆ ಎಸೆಯುವುದು ಇವೆಲ್ಲ ಮಾನುಷೀ ಸಿದ್ಧಿಯ ಗುರುತುಗಳು. ರಂಗಮಂದಿರ ತುಂಬಿದ್ದೂ ಸದ್ದಿಲ್ಲದೆ, ಕದಲಿಕೆಯಿಲ್ಲದೆ ಇದ್ದರೆ ಅದು ದೈವೀ ಸಿದ್ಧಿ. ಪ್ರಶಸ್ತಿಗಳು ಮಾನುಷೀ ಸಿದ್ಧಿಗೆ ಸೇರಿದವು. ಮನುಷ್ಯರು ಕೊಡುವಂಥವಾದ್ದರಿಂದ ಮನುಷ್ಯರ ನಿಯಮಗಳಿಗೆ ಅವು ಒಳಪಡಬೇಕು. ಲೆಕ್ಕ ಕೊಡಬೇಕು, ಕಾರಣ ಹೇಳಬೇಕು. ಚೋಮನ ದುಡಿ ನಿಂತ ಮೇಲೆ ಚಿತ್ರಮಂದಿರದಲ್ಲಿ ಕವಿಯುವ ಮೌನವನ್ನು ತೂಗಲು ಮಾತ್ರ ಯಾವ ತಕ್ಕಡಿಯೂ ಬೇಕಾಗಿಲ್ಲ. ಆ ತೀರ್ಪನ್ನು ಪ್ರೇಕ್ಷಕ ತಾನು ಕುಳಿತಲ್ಲೇ ಕೊಟ್ಟಾಗಿರುತ್ತದೆ.